ಗೆಣ್ಣಿನ ನೋವು, ಮೈಯೆಲ್ಲ ನೋವು

ನ್ಯೂಜೆರ್ಸಿಯಲ್ಲಿ ಕಾರಿಗೆ ಗ್ಯಾಸ್ ಹಾಕಿಸುವವರು ಕಾರಿನಿಂದ ಇಳಿಯಬೇಕಾಗಿಲ್ಲ. ಪೆಟ್ರೋಲಿಗೆ ಇಲ್ಲಿ ನಾವೆಲ್ಲ ಗ್ಯಾಸ್ ಎಂದೇ ಹೇಳುವುದು. 1949ರಲ್ಲಿ ಬಂದ ಕಾನೂನಿನ ಪ್ರಕಾರ ಗಿರಾಕಿ ತಾನೇ ಪಂಪು ಹಿಡಿಯುವಂತಿಲ್ಲ, ಬಂಕಿನ ಕೆಲಸದವರೇ ತುಂಬಬೇಕು. 2023ರಲ್ಲಿ ಒರೆಗಾನ್ ರಾಜ್ಯ ಈ ನಿರ್ಬಂಧ ಸಡಿಲಿಸಿದ ಮೇಲೆ ಇಡೀ ಅಮೆರಿಕದಲ್ಲಿ ಇದು ಉಳಿದಿರುವುದು ನಮ್ಮ ರಾಜ್ಯವೊಂದರಲ್ಲೇ. ಹಳೇ ಕಾಲದ ಕಾನೂನು, ತೆಗೆದುಹಾಕಿ ಎಂದು ಆಗಾಗ ಯಾರಾದರೂ ದನಿಯೆತ್ತುತ್ತಾರೆ. ನಾನು ಆ ಕಾನೂನಿನ ಪರ. ಜನವರಿಯ ಚಳಿಯಲ್ಲಿ ಪಂಪಿನ ತಣ್ಣನೆಯ ಹಿಡಿಕೆಯನ್ನು ಒತ್ತಿ ಹಿಡಿದು ನಿಂತರೆ ಬೆರಳ ಬುಡದ ಗೆಣ್ಣುಗಳಿಗೆ ಏನಾಗುತ್ತದೆ ಎಂಬುದು ಪೆನ್ಸಿಲ್ವೇನಿಯದ ಗಡಿ ದಾಟಿದಾಗಲೆಲ್ಲ ನನಗೆ ತಿಳಿಯುತ್ತದೆ. ಇತ್ತ ಕಡೆ ಕಿಟಕಿ ಅರ್ಧ ಇಳಿಸಿ ಕಾರ್ಡ್ ಕೊಟ್ಟರೆ ಮುಗಿಯಿತು. ನಾವಿರುವ ಎಡಿಸನ್ ಊರಿನ ಬಂಕಿನಲ್ಲಿ ಒಬ್ಬರು ಸರ್ದಾರ್ಜಿ ಇದ್ದಾರೆ. ನಾನು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಬಂದ ದಿನ, ಕಾರ್ಡನ್ನು ವಾಪಸ್ ಕೊಡುವಾಗ ಅದರ ಉದ್ದದ ಅಂಚು ನನ್ನ ಎರಡು ಬೆರಳ ನಡುವೆ ಸರಿಯಾಗಿ ಕೂರುವ ಹಾಗೆ ತಿರುಗಿಸಿ ಕೊಡುತ್ತಾರೆ. ಅವರು ಏನನ್ನೂ ಕೇಳಿದವರಲ್ಲ, ನಾನೂ ಹೇಳಿದವಳಲ್ಲ.

ಗೆಣ್ಣಿನ ಮಾತು ಬಂತಲ್ಲ, ಅಲ್ಲಿಂದಲೇ ಹೇಳುತ್ತೇನೆ. ನನಗಿರುವುದು ಎರಡು ಕಾಯಿಲೆ. ಮೊದಲು ಬಂದದ್ದು ರುಮಟಾಯ್ಡ್ ಆರ್ಥರೈಟಿಸ್. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬಿದ್ದು ಉರಿಯೂತ ಎಬ್ಬಿಸುತ್ತದೆ. ಕೀಲು ಊದುತ್ತದೆ, ಬಿಸಿಯಾಗುತ್ತದೆ, ಔಷಧಿ ಮಾಡದೆ ಬಿಟ್ಟರೆ ಮೂಳೆಯ ಅಂಚು ಸವೆಯುತ್ತದೆ. ಕೆಲವು ವರ್ಷಗಳ ಮೇಲೆ ಅದರ ಜೊತೆಗೂಡಿದ್ದು ಫೈಬ್ರೊಮಯಾಲ್ಜಿಯ. ಇದರಲ್ಲಿ ಊತವಿಲ್ಲ, ಸವೆತವಿಲ್ಲ, ಎಕ್ಸ್‌ರೇಯಲ್ಲಿ ಕಾಣುವಂಥದ್ದು ಏನೂ ಇಲ್ಲ. ಕತ್ತು, ಹೆಗಲು, ಸೊಂಟ, ತೊಡೆ, ಎಲ್ಲೆಂದರಲ್ಲಿ ನೋವು. ಎಷ್ಟು ಮಲಗಿದರೂ ಹೋಗದ ದಣಿವು. ಆಡಬೇಕೆಂದ ಮಾತು ನಾಲಿಗೆಯ ತುದಿಗೆ ಬಂದು ಮರೆತೇ ಹೋಗುವ ಮಂಕು. ಜನಸಾಮಾನ್ಯರಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಮಂದಿಗೆ ಇರುವ ಈ ತೊಂದರೆ ರುಮಟಾಯ್ಡ್ ಇರುವವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಇರುತ್ತದೆ. ಒಂದಿದ್ದವರಿಗೆ ಇನ್ನೊಂದು ಬರುವುದು ಅಪರೂಪವೇನಲ್ಲ ಎಂದು ತಿಳಿದ ದಿನ ನನಗೆ ಎಷ್ಟೋ ಸಮಾಧಾನವಾಯಿತು.

ಇವೆರಡನ್ನೂ ಬೇರೆ ಬೇರೆಯಾಗಿ ಗುರುತಿಸಲು ನನಗೆ ಕಲಿಸಿದ್ದು ಅಕ್ಕಿ ರೊಟ್ಟಿ. ನಮ್ಮದು ಸಾಗರದ ಕಡೆ, ಭಾನುವಾರ ಬೆಳಗ್ಗೆ ರೊಟ್ಟಿ ಆಗಲೇಬೇಕು. ಕುದಿಯುವ ನೀರಿಗೆ ಹಾಕಿ ತೊಳಸಿದ ಹಿಟ್ಟನ್ನು ಬಿಸಿ ಆರುವ ಮೊದಲೇ ನಾದಬೇಕು. ಅಂಗೈ ಬುಡದಿಂದ ಒತ್ತುವುದು, ಬೆರಳು ಮಡಿಸಿ ಎಳೆದುಕೊಳ್ಳುವುದು, ತಿರುಗಿಸಿ ಮತ್ತೆ ಒತ್ತುವುದು. ರುಮಟಾಯ್ಡ್ ಕೆರಳಿದ ಬೆಳಗ್ಗೆ ಬೆರಳು ಮಡಿಯುವುದೇ ಇಲ್ಲ. ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳ ನಡುವಿನ ತಗ್ಗು ತುಂಬಿಕೊಂಡು ಮಟ್ಟಸವಾಗಿರುತ್ತದೆ, ಮುಟ್ಟಿದರೆ ಬೆಚ್ಚಗೆ. ಸಾಬೂನು ಹಚ್ಚಿದರೂ ಉಂಗುರ ಜರುಗುವುದಿಲ್ಲ. ಆದರೆ ಬಿಸಿ ಹಿಟ್ಟು ನಾದುತ್ತ ನಾದುತ್ತ, ಹೊತ್ತೇರುತ್ತ ಹೋದ ಹಾಗೆ ಬಿಗಿತ ಬಿಡುತ್ತ ಬರುತ್ತದೆ. ಕೈಯಾಡಿಸಿದಷ್ಟೂ ಸಡಿಲವಾಗುವ ನೋವು ಅದು. ಫೈಬ್ರೊ ದಿನದ ಲೆಕ್ಕವೇ ಬೇರೆ. ಮುಷ್ಟಿ ಸಲೀಸಾಗಿ ಮಡಿಯುತ್ತದೆ, ಗೆಣ್ಣುಗಳ ನಡುವೆ ತಗ್ಗು ತಗ್ಗಾಗಿಯೇ ಕಾಣುತ್ತದೆ, ಮೊದಲನೆಯ ರೊಟ್ಟಿ ಚೆನ್ನಾಗಿಯೇ ಏಳುತ್ತದೆ. ಮುಂದಿನದು ಲಟ್ಟಿಸುವಷ್ಟರಲ್ಲಿ ಮೊಣಕೈಯಿಂದ ಹೆಗಲವರೆಗೆ ಮಾಂಸಖಂಡವೆಲ್ಲ ನೋಯತೊಡಗುತ್ತದೆ. ಕೈಯ ಬಳೆ ಭಾರ ಎನಿಸುತ್ತದೆ. ಕಾರಿನಲ್ಲಿ ಕೂತರೆ ಸೀಟ್ ಬೆಲ್ಟ್ ಹೆಗಲಿಗೆ ತಾಗಿದ ಜಾಗ ಉರಿಯುತ್ತದೆ. ಆ ದಿನ ಹಟ ಹಿಡಿದು ಮಾಡಿದ ಕೆಲಸಕ್ಕೆಲ್ಲ ಮರುದಿನ ಮೈ ದಂಡ ವಸೂಲಿ ಮಾಡುತ್ತದೆ.

ಇಲ್ಲಿನ ಮನೆಗಳಲ್ಲಿ ಅಡುಗೆಮನೆಯ ಹತ್ತಿರ ಹೊಗೆಗೆ ಕೂಗುವ ಅಲಾರಂ ಹಾಕಿರುತ್ತಾರೆ. ಮನೆಗೆ ಬೆಂಕಿ ಬಿದ್ದರೂ ಅದು ಕೂಗುತ್ತದೆ. ಒಗ್ಗರಣೆಗೆ ಹಾಕಿದ ಒಣಮೆಣಸಿನಕಾಯಿ ಒಂದಿಷ್ಟು ಕರಟಿದರೂ ಅಷ್ಟೇ ಜೋರಾಗಿ ಕೂಗುತ್ತದೆ. ರುಮಟಾಯ್ಡ್‌ನಲ್ಲಿ ಒಳಗೆ ಬೆಂಕಿ ಇರುತ್ತದೆ. ಫೈಬ್ರೊದಲ್ಲಿ ಒಗ್ಗರಣೆಯ ಹೊಗೆಗೇ ಅಲಾರಂ ಹೊಡೆದುಕೊಳ್ಳುತ್ತದೆ. ಬೆಂಕಿ ಇಲ್ಲ ಎಂದಮಾತ್ರಕ್ಕೆ ಕೂಗು ಸುಳ್ಳಲ್ಲ, ಮನೆಯವರೆಲ್ಲ ಕಿವಿ ಮುಚ್ಚಿಕೊಂಡು ಹೊರಗೆ ಓಡಬೇಕಾಗುತ್ತದೆ. 2002ರಲ್ಲಿ ರಿಚರ್ಡ್ ಗ್ರೇಸ್ಲಿ, ಡೇನಿಯಲ್ ಕ್ಲಾ ಮತ್ತವರ ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಹೆಬ್ಬೆರಳಿನ ಉಗುರಿನ ಮೇಲೆ ಅಳೆದು ಒತ್ತಡ ಹಾಕುತ್ತ ಮಿದುಳಿನ ಸ್ಕ್ಯಾನ್ ಮಾಡಿದರು. ಆರೋಗ್ಯವಂತರಲ್ಲಿ ಬಲವಾಗಿ ಒತ್ತಿದಾಗ ಎಚ್ಚರಗೊಂಡ ಮಿದುಳಿನ ಭಾಗಗಳು ಫೈಬ್ರೊಮಯಾಲ್ಜಿಯ ಇದ್ದವರಲ್ಲಿ ಮೆಲ್ಲಗೆ ಒತ್ತಿದಾಗಲೇ ಎಚ್ಚರಗೊಂಡವು. ಆ ಚಿತ್ರಗಳನ್ನು ಮೊದಲ ಬಾರಿ ನೋಡಿದಾಗ ನಾನು ಅತ್ತಿದ್ದೆ. ನನ್ನ ಮಾತಿಗೆ ಸಾಕ್ಷಿ ಹೇಳಲು ಯಾರೋ ಬಂದು ನಿಂತಂತಾಗಿತ್ತು.

ಯಾಕೆಂದರೆ ಸಾಕ್ಷಿ ಇಲ್ಲದ ನೋವನ್ನು ಜನ ನಂಬುವುದಿಲ್ಲ. ರುಮಟಾಯ್ಡ್‌ಗೆ ಮರ್ಯಾದೆ ಇದೆ. ರಕ್ತ ಕೊಟ್ಟರೆ ಉರಿಯೂತ ತೋರಿಸುವ ಇಎಸ್ಆರ್, ಸಿಆರ್‌ಪಿ ಏರಿದ್ದು ಕಾಣುತ್ತದೆ, ಈ ಕಾಯಿಲೆಯ ಗುರುತಾದ ಆಂಟಿ-ಸಿಸಿಪಿ ಹೆಚ್ಚಿನವರಲ್ಲಿ ಪಾಸಿಟಿವ್ ಬರುತ್ತದೆ, ಊದಿದ ಬೆರಳನ್ನು ನೆಂಟರೂ ನೋಡಬಹುದು. ಇನ್ನೊಂದರ ವಿಷಯಕ್ಕೆ ಬಂದರೆ, ಒಬ್ಬ ವೈದ್ಯರು ಕಂಪ್ಯೂಟರಿನಿಂದ ಮುಖ ತಿರುಗಿಸದೆ, ರಿಪೋರ್ಟ್ ಎಲ್ಲ ಚೆನ್ನಾಗಿದೆ, ಸ್ವಲ್ಪ ಟೆನ್ಶನ್ ಕಡಿಮೆ ಮಾಡಿಕೊಳ್ಳಿ ಎಂದಿದ್ದರು. ನಂಬಿದವರು ಆಮೇಲೆ ಸಿಕ್ಕಿದ ಸಂಧಿವಾತದ ವೈದ್ಯೆ. ಅವರು ಹಳೆಯ ಕ್ರಮದಲ್ಲೇ ಪರೀಕ್ಷೆ ಮಾಡಿದರು. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ ಗೊತ್ತುಮಾಡಿದ ಹದಿನೆಂಟು ಜಾಗಗಳಲ್ಲಿ ಹೆಬ್ಬೆರಳಿನಿಂದ ಒತ್ತುವುದು, ಒತ್ತುವವರ ಉಗುರು ಬೆಳ್ಳಗಾಗುವಷ್ಟು, ಅಂದರೆ ನಾಲ್ಕು ಕಿಲೋ ಭಾರದಷ್ಟು. ಹನ್ನೊಂದು ಕಡೆ ನೋವಾದರೆ ಫೈಬ್ರೊಮಯಾಲ್ಜಿಯ ಎಂದು ಆಗಿನ ನಿಯಮ. 2010ರಲ್ಲಿ ಆ ನಿಯಮ ಬದಲಾಗಿ ಈಗ ನೋವಿನ ಹರವು, ನಿದ್ದೆ, ದಣಿವು, ಮಂಕು ಇವನ್ನು ಕೇಳಿ ಅಂಕ ಹಾಕುತ್ತಾರೆ. ಆದರೂ ಆಕೆ ಒತ್ತಿ ನೋಡಿದರು. ನಾನು ಅವರ ಉಗುರನ್ನೇ ನೋಡುತ್ತಿದ್ದೆ. ಉಗುರು ಇನ್ನೂ ಗುಲಾಬಿಯಾಗಿದ್ದಾಗಲೇ ನನ್ನ ಬಾಯಿಂದ ಅಮ್ಮಾ ಎಂದು ಬಂದುಬಿಟ್ಟಿತು. ಆಕೆ ಕೈ ತೆಗೆದು, ನನ್ನ ಹೆಗಲ ಮೇಲೆ ಇಡಲು ಹೋಗಿ, ಅಲ್ಲೂ ನೋಯುತ್ತದೆಂದು ನೆನಪಾಗಿ ಹಾಗೆಯೇ ನಿಲ್ಲಿಸಿದರು.

ಅವರ ಕ್ಲಿನಿಕ್ ಮ್ಯಾನ್‌ಹಟನ್ನಿನಲ್ಲಿ. ಎಡಿಸನ್ನಿನಿಂದ ರೈಲು ಹಿಡಿದರೆ ಮೆಟಚನ್, ಮೆಟ್ರೋಪಾರ್ಕ್ ಆದ ಮೇಲೆ ರಾವೇ ಬರುತ್ತದೆ. ಬಹುಪಾಲು ಜನರಿಗೆ ರಾವೇ ಎಂದರೆ ರೈಲು ನಿಂತು ಹೊರಡುವ ಒಂದು ಸ್ಟೇಷನ್. ನಾನು ಅಲ್ಲಿ ಫೋನು ಕೆಳಗಿಟ್ಟು ಕಿಟಕಿಯಿಂದ ಹೊರಗೆ ನೋಡುತ್ತೇನೆ. ಆ ಊರಿನ ಮರ್ಕ್ ಕಂಪನಿಯ ಪ್ರಯೋಗಶಾಲೆಯಲ್ಲಿ 1944ರಲ್ಲಿ ಲೂಯಿಸ್ ಸ್ಯಾರೆಟ್ ಎಂಬ ತರುಣ ದನದ ಪಿತ್ತದಿಂದ ಸಿಗುವ ಆಮ್ಲವೊಂದನ್ನು ಹಿಡಿದು, ಮೂವತ್ತಕ್ಕೂ ಹೆಚ್ಚು ಹಂತ ದಾಟಿಸಿ ಕಾರ್ಟಿಸೋನ್ ತಯಾರಿಸಿದ. ಅದೇ ಕಂಪನಿ ಕಳಿಸಿಕೊಟ್ಟ ಔಷಧಿಯನ್ನು 1948ರ ಸೆಪ್ಟೆಂಬರ್ 21ರಂದು ಮಿನೆಸೋಟದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು, ರುಮಟಾಯ್ಡ್‌ನಿಂದ ಏಳಲಾರದೆ ಇದ್ದ ಇಪ್ಪತ್ತೊಂಬತ್ತು ವರ್ಷದ ಹೆಣ್ಣುಮಗಳಿಗೆ ಕೊಟ್ಟರು. ವಾರ ತುಂಬುವಷ್ಟರಲ್ಲಿ ಆಕೆ ಎದ್ದು ಓಡಾಡಿ ಪೇಟೆಗೂ ಹೋಗಿಬಂದರು. 1950ರ ನೊಬೆಲ್ ಬಹುಮಾನದಲ್ಲಿ ಹೆಂಚ್‌ಗೂ ಪಾಲು ಬಂತು. ಕಾರ್ಟಿಸೋನಿನ ಅಡ್ಡಪರಿಣಾಮಗಳು ಗೊತ್ತಾದದ್ದು ಆಮೇಲೆ. ಮುಖ ಊದುವುದು, ಮೂಳೆ ಟೊಳ್ಳಾಗುವುದು ನನಗೂ ಹೊಸದಲ್ಲ.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಆ ಹೆಂಚ್ ಅವರ ಮಗನೂ ಸಂಧಿವಾತದ ವೈದ್ಯರಾದರು, ಅವರ ಹೆಸರೂ ಫಿಲಿಪ್ ಹೆಂಚ್. ಮೈಯೆಲ್ಲ ನೋಯುವ ಆ ಇನ್ನೊಂದು ಕಾಯಿಲೆಯನ್ನು 1904ರಲ್ಲಿ ಲಂಡನ್ನಿನ ವಿಲಿಯಂ ಗವರ್ಸ್ ನಾರುಗಳ ಉರಿಯೂತ ಎಂದು ಭಾವಿಸಿದ್ದರು. ಎಷ್ಟು ಹುಡುಕಿದರೂ ಉರಿಯೂತ ಸಿಗಲಿಲ್ಲ. 1976ರಲ್ಲಿ ಆ ಊಹೆಯನ್ನು ಬದಿಗಿಟ್ಟು ಫೈಬ್ರೊಮಯಾಲ್ಜಿಯ ಎಂದು ಕರೆದವರು ಈ ಮಗ ಹೆಂಚ್. ಅಪ್ಪ ನನ್ನ ಒಂದು ನೋವಿಗೆ ಔಷಧಿ ಕಂಡುಕೊಂಡರು, ಮಗ ಇನ್ನೊಂದಕ್ಕೆ ಹೆಸರಿಟ್ಟರು. ಅಪ್ಪನ ಔಷಧಿ ಮಗ ಹೆಸರಿಟ್ಟ ನೋವಿಗೆ ನಾಟುವುದಿಲ್ಲ. ಒಂದೇ ಮನೆಯ ಊಟದ ಮೇಜಿನ ಎರಡು ಕಡೆ ಈ ಎರಡು ಕಾಯಿಲೆಗಳು ಕೂತಿದ್ದವು ಎಂದು ನೆನೆದರೆ ನನಗೆ ಅವರಿಬ್ಬರೂ ನೆಂಟರ ಹಾಗೆ ಕಾಣುತ್ತಾರೆ.

ಇನ್ನು, ನಾವಿರುವ ಈ ಸೀಮೆಯಲ್ಲಿ ರಾವೇಯಂಥ ಊರುಗಳಿಗೆ ಕೊರತೆ ಇಲ್ಲ. ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದು ಉತ್ತರಕ್ಕೆ ಹೋದರೆ ಬ್ಲೂಮ್‌ಫೀಲ್ಡ್ ಸಿಗುತ್ತದೆ. ಕಾರ್ಟಿಸೋನಿಗಿಂತ ಪ್ರಬಲವಾದ ಪ್ರೆಡ್ನಿಸೋನ್ 1950ರ ದಶಕದ ನಡುವಿನಲ್ಲಿ ಅಲ್ಲಿನ ಶೆರಿಂಗ್ ಕಂಪನಿಯಲ್ಲಿ ಹುಟ್ಟಿತು. ಇನ್ನೂ ಮೇಲಕ್ಕೆ ಹೋಗಿ ನ್ಯೂಯಾರ್ಕಿನ ಗಡಿ ದಾಟಿದ ಕೂಡಲೇ ಪರ್ಲ್ ರಿವರ್. ಆ ಊರಿನ ಲೆಡರ್ಲಿ ಪ್ರಯೋಗಶಾಲೆಯಲ್ಲಿ 1940ರಿಂದ ಕೆಲಸ ಮಾಡಿದವರು ನಮ್ಮ ನೆರೆಯ ತೆಲುಗು ನಾಡಿನ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರ ತಂಡ ಮೊದಲು ಫೋಲಿಕ್ ಆಸಿಡ್ ತಯಾರಿಸಿತು, ಬಳಿಕ ಅದಕ್ಕೆ ಎದುರಾಗಿ ಕೆಲಸ ಮಾಡುವ ಔಷಧಿಗಳನ್ನು. ಬೋಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಕೊಟ್ಟದ್ದು ಅಂಥದೊಂದು ಔಷಧಿ. ಅದರ ಒಡಹುಟ್ಟೇ ಮೆಥೊಟ್ರೆಕ್ಸೇಟ್. 1951ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಗುಬ್ನರ್ ಈ ಬಗೆಯ ಔಷಧಿ ರುಮಟಾಯ್ಡ್‌ಗೂ ನಾಟುತ್ತದೆಂದು ಬರೆದರು. ಸರ್ಕಾರದ ಒಪ್ಪಿಗೆ ಸಿಕ್ಕಿದ್ದು ಮಾತ್ರ 1988ರಲ್ಲಿ. ಸುಬ್ಬರಾವ್ 1948ರ ಆಗಸ್ಟಿನಲ್ಲೇ ತೀರಿಕೊಂಡಿದ್ದರು, ಆಗ ಅವರಿಗೆ ಐವತ್ಮೂರು.

ಮೆಥೊಟ್ರೆಕ್ಸೇಟ್ ವಾರಕ್ಕೊಂದೇ ದಿನ ತೆಗೆದುಕೊಳ್ಳುವ ಮಾತ್ರೆ. ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಅದಕ್ಕೇ ನಮ್ಮ ಮನೆಯಲ್ಲಿ ಶುಕ್ರವಾರ ರಾತ್ರಿ ಊಟವಾದ ಮೇಲೆ ನಮ್ಮ ಯಜಮಾನರೇ ಎಣಿಸಿ ಕೈಗೆ ಕೊಡುತ್ತಾರೆ. ಅದು ಮೈಯಲ್ಲಿ ಮಾಡುವ ಉಪದ್ರವ ತಗ್ಗಿಸಲು ಉಳಿದ ದಿನ ಫೋಲಿಕ್ ಆಸಿಡ್. ಹೀಗೆ ಪರ್ಲ್ ರಿವರಿನಲ್ಲಿ ಒಂದೇ ತಂಡದ ಕೈಯಿಂದ ಬಂದ ಎರಡು ಔಷಧಿಗಳು ನನ್ನ ಡಬ್ಬಿಯಲ್ಲಿ ಅಕ್ಕಪಕ್ಕದ ಮನೆಗಳಲ್ಲಿವೆ. ಸುಬ್ಬರಾಯರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುವುದುಂಟು. ಬೆರಳು ನೆಟ್ಟಗೆ ಸೇರದ ದಿನವೂ.

ಮ್ಯಾನ್‌ಹಟನ್ನಿಗೆ ಬಂದರೆ ನ್ಯೂಯಾರ್ಕ್ ಯೂನಿವರ್ಸಿಟಿ ಇದೆ. ಚೆಕೊಸ್ಲೊವಾಕಿಯದಿಂದ ತಪ್ಪಿಸಿಕೊಂಡು 1965ರಲ್ಲಿ ಇಲ್ಲಿಗೆ ಬಂದ ಯಾನ್ ವಿಲ್ಚೆಕ್ ತಮ್ಮ ಸಹೋದ್ಯೋಗಿ ಜುನ್‌ಮಿಂಗ್ ಲ ಅವರ ಜೊತೆ, ಉರಿಯೂತ ಎಬ್ಬಿಸುವ ಟಿಎನ್ಎಫ್ ಎಂಬ ವಸ್ತುವನ್ನು ಹಿಡಿದು ನಿಲ್ಲಿಸುವ ಪ್ರತಿಕಾಯವನ್ನು ರೂಪಿಸಿದ್ದು ಅಲ್ಲೇ. 1999ರಲ್ಲಿ ರುಮಟಾಯ್ಡ್‌ಗೆ ಒಪ್ಪಿಗೆ ಪಡೆದ ಇನ್‌ಫ್ಲಿಕ್ಸಿಮ್ಯಾಬ್ ಅದರಿಂದ ಬಂದದ್ದು. ನಾನು ತೆಗೆದುಕೊಳ್ಳುವ ಅಡಾಲಿಮುಮ್ಯಾಬ್ ಅದೇ ಜಾತಿಯ ಔಷಧಿ. ಪೆನ್ನಿನ ಆಕಾರದ ಇಂಜೆಕ್ಷನ್, ಹದಿನೈದು ದಿನಕ್ಕೊಂದು. ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟಿರುತ್ತೇನೆ. ಇದನ್ನು ಶುರು ಮಾಡುವ ಮುನ್ನ ಕ್ಷಯ ಇದೆಯೋ ಎಂದು ನೋಡಲೇಬೇಕು, ಯಾಕೆಂದರೆ ಮೈಯಲ್ಲಿ ಅಡಗಿ ಕೂತ ಕ್ಷಯವನ್ನು ಈ ಔಷಧಿ ಎಬ್ಬಿಸಬಲ್ಲದು. ನಮ್ಮಂಥವರ ತೋಳಿನಲ್ಲಿ ಚಿಕ್ಕಂದಿನ ಬಿಸಿಜಿ ಚುಚ್ಚುಮದ್ದಿನ ಕಲೆ ಇರುತ್ತದಲ್ಲ, ಆ ಲಸಿಕೆಯಿಂದಾಗಿ ಚರ್ಮದ ಪರೀಕ್ಷೆ ಸುಮ್ಮನೆ ಪಾಸಿಟಿವ್ ಬರಬಹುದು. ರಕ್ತದ ಪರೀಕ್ಷೆಯನ್ನೇ ಕೇಳಿ ಮಾಡಿಸಿಕೊಳ್ಳಬೇಕು. ಇದನ್ನು ಇಲ್ಲಿ ಬರೆಯುವುದು ಯಾರಿಗಾದರೂ ಪ್ರಯೋಜನವಾಗಲಿ ಎಂದು.

ಇಷ್ಟೆಲ್ಲ ಔಷಧಿಗಳು ಈ ಸೀಮೆಯಲ್ಲಿ ಹುಟ್ಟಿದರೂ, ಇವುಗಳಲ್ಲಿ ಒಂದೂ ಫೈಬ್ರೊಮಯಾಲ್ಜಿಯವನ್ನು ಮುಟ್ಟುವುದಿಲ್ಲ. ಕಾರ್ಟಿಸೋನ್, ಪ್ರೆಡ್ನಿಸೋನಿನಂಥ ಸ್ಟಿರಾಯ್ಡ್ ಕೊಟ್ಟರೂ ಇಲ್ಲ, ಮಾಮೂಲಿ ನೋವಿನ ಮಾತ್ರೆ ಕೊಟ್ಟರೂ ಇಲ್ಲ. ನನ್ನಂಥವರಿಗೆ ನಿಜವಾದ ತೊಡಕು ಇಲ್ಲಿದೆ. ರುಮಟಾಯ್ಡ್ ಎಷ್ಟು ಹತೋಟಿಯಲ್ಲಿದೆ ಎಂದು ಅಳೆಯಲು ಡಿಎಎಸ್-28 ಎಂಬ ಲೆಕ್ಕವಿದೆ. ಇಪ್ಪತ್ತೆಂಟು ಕೀಲುಗಳಲ್ಲಿ ಎಷ್ಟು ಊದಿವೆ, ಒತ್ತಿದರೆ ಎಷ್ಟು ನೋಯುತ್ತವೆ, ರಕ್ತದಲ್ಲಿ ಉರಿಯೂತ ಎಷ್ಟು, ರೋಗಿಗೆ ಒಟ್ಟಾರೆ ಹೇಗನಿಸುತ್ತಿದೆ, ಈ ನಾಲ್ಕನ್ನೂ ಸೇರಿಸಿ ಒಂದು ಅಂಕ. ಇದರಲ್ಲಿ ಎರಡು ಲೆಕ್ಕ ಉರಿಯೂತದ್ದು, ಎರಡು ನೋವಿನದ್ದು. ಮೈಯೆಲ್ಲ ನೋಯುವವಳನ್ನು ಎಲ್ಲಿ ಒತ್ತಿದರೂ ನೋಯುತ್ತದೆ, ಹೇಗಿದ್ದೀರಿ ಎಂದರೆ ಚೆನ್ನಾಗಿಲ್ಲ ಎನ್ನುತ್ತಾಳೆ. ಒಂದು ಗೆಣ್ಣೂ ಊದಿರದಿದ್ದರೂ ಅಂಕ ಮೇಲೇರುತ್ತದೆ. ಅಂಕವನ್ನಷ್ಟೇ ನೋಡುವವರು ಈ ಔಷಧಿ ಸೋತಿತೆಂದು ಇನ್ನೂ ಬಲವಾದದ್ದಕ್ಕೆ ಬದಲಾಯಿಸುತ್ತಾರೆ. ಮತ್ತೆ ಇನ್ಶೂರೆನ್ಸಿನ ಒಪ್ಪಿಗೆಗೆ ತಿಂಗಳುಗಟ್ಟಲೆ ಕಾಯುವುದು, ಮತ್ತೆ ಸೋಂಕಿನ ಭಯ, ಕೊನೆಗೂ ಹೋಗದ ಅದೇ ನೋವು. ಇದರ ತಿರುಗುಮುರುಗೂ ಅಷ್ಟೇ ಕೆಟ್ಟದ್ದು. ಎಲ್ಲ ಫೈಬ್ರೊ ಎಂದು ತಳ್ಳಿಹಾಕುತ್ತ ಕೂತರೆ ಒಳಗೊಳಗೇ ಮೂಳೆ ಸವೆದುಹೋಗಿರುತ್ತದೆ. ಎರಡನ್ನೂ ಬೇರ್ಪಡಿಸಿ ನೋಡುವ ಶ್ರದ್ಧೆ ಬೇಕು. ನನ್ನ ವೈದ್ಯೆ ಅನುಮಾನ ಬಂದರೆ ಗೆಣ್ಣಿನ ಮೇಲೆ ಅಲ್ಟ್ರಾಸೌಂಡ್ ಇಟ್ಟು ತೋರಿಸುತ್ತಾರೆ. ಉರಿಯೂತ ಇದ್ದರೆ ಪರದೆಯ ಮೇಲೆ ಕೀಲಿನ ಸುತ್ತ ಕೆಂಪು ಮಿನುಗುತ್ತದೆ, ಇಲ್ಲದಿದ್ದರೆ ಬರೀ ಬೂದು.

ಈ ನೋವು ಕಾಣದಿರುವುದು ಡಾಕ್ಟರಿಗಷ್ಟೇ ಅಲ್ಲ, ನಮ್ಮವರಿಗೂ. 2010ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ ಸಮ್ಮೇಳನ ಎಡಿಸನ್ನಿನಲ್ಲೇ ನಡೆದಾಗ ನಾನು ಊಟದ ಸಾಲಿನಲ್ಲಿ ನಿಂತು ಬಡಿಸಿದವಳು. 2016ರಲ್ಲಿ ಅದು ಅಟ್ಲಾಂಟಿಕ್ ಸಿಟಿಗೆ ಬಂದಾಗ ಹೋದಲ್ಲೆಲ್ಲ ಮೊದಲು ಕುರ್ಚಿ ಹುಡುಕುತ್ತಿದ್ದೆ. "ನೋಡೋಕೆ ಚೆನ್ನಾಗೇ ಇದ್ದೀಯಲ್ಲೇ, ನಿನಗೇನಾಗಿದೆ" ಎಂದು ಹಳೆಯ ಗೆಳತಿಯರು ಪ್ರೀತಿಯಿಂದಲೇ ಕೈ ಹಿಡಿದು ಕುಲುಕಿದರೆ ಆ ರಾತ್ರಿ ನಿದ್ದೆ ಇಲ್ಲ. ಅವರಿಗೆ ಹೇಳಬೇಕು, ಹೇಳದಿದ್ದರೆ ಗೊತ್ತಾಗುವುದಾದರೂ ಹೇಗೆ. 2017ರಲ್ಲಿ ಇದೇ ನ್ಯೂಯಾರ್ಕಿನ ಹುಡುಗಿ ಲೇಡಿ ಗಾಗಾ ತನಗೆ ಫೈಬ್ರೊಮಯಾಲ್ಜಿಯ ಇದೆ ಎಂದು ಬಹಿರಂಗವಾಗಿ ಹೇಳಿದ ಮೇಲೆ, ನನ್ನ ಕಷ್ಟ ಏನೆಂದು ಮಗಳ ಸ್ನೇಹಿತೆಯರಿಗೆಲ್ಲ ಒಂದೇ ದಿನದಲ್ಲಿ ಅರ್ಥವಾಯಿತು.

ಸಾಗರದಲ್ಲಿರುವ ಅಮ್ಮನಿಗೆ ಇವೆಲ್ಲ ವಾತ. ಫೋನ್ ಮಾಡಿದಾಗಲೆಲ್ಲ, "ಬೆರಳು ಮಡಿಸೋಕೆ ಆಗ್ತದಾ? ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರಲ್ಲಿ ಸ್ನಾನ ಮಾಡು, ಹಂಡೆ ತುಂಬ ಕಾಯಿಸ್ಕೋ" ಎನ್ನುತ್ತಾಳೆ. ಲಕ್ಕಿ ಸೊಪ್ಪೂ ಇಲ್ಲಿಲ್ಲ, ಹಂಡೆಯೂ ಇಲ್ಲ. ಆದರೆ ಅಮ್ಮನ ಮಾತಿನಲ್ಲಿ ಹುರುಳಿದೆ. ಫೈಬ್ರೊಮಯಾಲ್ಜಿಯಕ್ಕೆ ಯಾವ ಮಾತ್ರೆಗಿಂತಲೂ ಮೊದಲು ತಜ್ಞರು ಹೇಳುವುದು ಮೆಲ್ಲಗೆ, ಬಿಡದೆ ಮಾಡುವ ವ್ಯಾಯಾಮ, ಅದರಲ್ಲೂ ಬೆಚ್ಚನೆಯ ನೀರಿನಲ್ಲಿ. ಹಾಗಾಗಿ ನಾನು ಹತ್ತಿರದ ಈಜುಕೊಳದ ತರಗತಿಗೆ ಹೋಗುತ್ತೇನೆ. ಎದೆಮಟ್ಟದ ಬಿಸಿನೀರಿನಲ್ಲಿ ಕೈಕಾಲು ಆಡಿಸುವ ನಾವೆಲ್ಲ ಐವತ್ತು ದಾಟಿದವರು. ಪೋಲೆಂಡಿನ ಅಜ್ಜಿ, ಗುಜರಾತಿನ ಬೆನ್, ಪೋರ್ಟೊರಿಕೊದ ನಿವೃತ್ತ ನರ್ಸು. ನೀರೊಳಗೆ ಇಳಿದ ಕೂಡಲೇ ಹೆಗಲಿನ ಭಾರ ಇಳಿಯುತ್ತದೆ. ಹತ್ತಿ ಹೊರಬರುವಾಗ ಕೊನೆಯ ಮೆಟ್ಟಿಲಲ್ಲಿ ಅಷ್ಟೂ ಭಾರ ವಾಪಸ್ ಬರುತ್ತದೆ. ಅಲ್ಲಿ ಒಬ್ಬರಿಗೊಬ್ಬರು ಕೈ ಕೊಡುತ್ತೇವೆ, ಬೆರಳನ್ನಲ್ಲ, ಮೊಣಕೈಯನ್ನು ಹಿಡಿದು.

ನಿದ್ದೆ ಇನ್ನೊಂದು ದೊಡ್ಡ ವಿಷಯ. 1975ರಲ್ಲಿ ಹಾರ್ವಿ ಮೊಲ್ಡೊಫ್ಸ್ಕಿ ಮತ್ತು ಸಂಗಡಿಗರು ಆರೋಗ್ಯವಂತ ವಿದ್ಯಾರ್ಥಿಗಳನ್ನು ಮಲಗಿಸಿ, ಗಾಢ ನಿದ್ದೆಗೆ ಜಾರಿದಾಗಲೆಲ್ಲ ಸದ್ದು ಮಾಡಿ ಕೆಡಿಸಿದರು. ಕೆಲವೇ ದಿನಗಳಲ್ಲಿ ಅವರಿಗೂ ಮೈಕೈ ನೋವು ಬಂತು, ಒತ್ತಿದರೆ ನೋಯತೊಡಗಿತು. ಆದರೆ ನಿದ್ದೆಯ ಈ ಎಳೆ ಹಿಡಿದ ಔಷಧಿಗೆ ಬಹಳ ಕಾಲ ಕಾಯಬೇಕಾಯಿತು. ಅಮೆರಿಕದಲ್ಲಿ ಫೈಬ್ರೊಮಯಾಲ್ಜಿಯಕ್ಕೆಂದು ಒಪ್ಪಿಗೆ ಪಡೆದ ಔಷಧಿಗಳು 2007, 2008, 2009ರಲ್ಲಿ ವರ್ಷಕ್ಕೊಂದರಂತೆ ಮೂರು ಬಂದವು. ಆಮೇಲೆ ಬಹುಕಾಲ ಏನೂ ಇಲ್ಲ. 2025ರ ಆಗಸ್ಟಿನಲ್ಲಿ ನಾಲ್ಕನೆಯದಕ್ಕೆ ಒಪ್ಪಿಗೆ ಸಿಕ್ಕಿತು. ಮಲಗುವ ಮುನ್ನ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಸೈಕ್ಲೊಬೆಂಜಪ್ರಿನ್, ನಿದ್ದೆಯನ್ನು ಸರಿಪಡಿಸಿ ನೋವು ತಗ್ಗಿಸಬೇಕೆಂಬ ಉದ್ದೇಶದ್ದು. ಅದನ್ನು ತಂದ ಕಂಪನಿ ಆಗ ಇದ್ದದ್ದು ನ್ಯೂಜೆರ್ಸಿಯ ಚ್ಯಾಟಮ್‌ನಲ್ಲಿ. ಇದು ನನಗೆ ಹೊಂದುತ್ತದೆಯೇ ಎಂದು ಮುಂದಿನ ಭೇಟಿಯಲ್ಲಿ ಕೇಳಬೇಕು. ಕೊನೆಗೂ ಮೈಯೆಲ್ಲ ನೋವಿನ ಪರವಾಗಿಯೂ ನಮ್ಮ ಸೀಮೆಯ ಒಂದು ಊರು ಎದ್ದು ನಿಂತಿತಲ್ಲ ಎಂದು ಸಂತೋಷಪಟ್ಟೆ.

ಹೋದ ದೀಪಾವಳಿಯ ಹೊತ್ತಿಗೆ ಪರಿಚಯದವರ ಮೂಲಕ ಒಬ್ಬಳು ಹುಡುಗಿ ಫೋನ್ ಮಾಡಿದಳು. ಹಾಸನದ ಕಡೆಯವಳು, ಜರ್ಸಿ ಸಿಟಿಯಲ್ಲಿ ಕೆಲಸ. ರುಮಟಾಯ್ಡ್ ಎಂದು ಗೊತ್ತಾಗಿ ಔಷಧಿ ನಡೆಯುತ್ತಿದೆ, ಊತ ಇಳಿದಿದೆ, ನೋವು ಮಾತ್ರ ಮೈಗೆಲ್ಲ ಹರಡಿದೆ. "ಅಕ್ಕಾ, ನಾನೇ ಏನೋ ಕಲ್ಪಿಸಿಕೊಳ್ತಿದೀನಾ?" ಎಂದಳು. ಇಲ್ಲ ಎಂದು ಮೊದಲು ಹೇಳಿದೆ, ಎರಡು ಸಲ ಹೇಳಿದೆ. ಆಮೇಲೆ ಒಂದು ನೋಟ್‌ಬುಕ್ಕಿನ ಎಡಗಡೆ ಪುಟದಲ್ಲಿ ಬೆಳಗಿನ ಬಿಗಿತ ಎಷ್ಟು ಹೊತ್ತಿತ್ತು, ಯಾವ ಗೆಣ್ಣು ಊದಿತ್ತು ಎಂದೂ, ಬಲಗಡೆ ನಿದ್ದೆ, ದಣಿವು, ಮೈನೋವು ಎಂದೂ ಬರೆದಿಡಲು ಹೇಳಿದೆ. ಔಷಧಿ ಬದಲಿಸೋಣ ಎಂದು ಡಾಕ್ಟರು ಹೇಳಿದರೆ, ಊದಿದ ಕೀಲುಗಳನ್ನು ನೋಯುವ ಕೀಲುಗಳಿಂದ ಬೇರೆಯಾಗಿ ಎಣಿಸಿ ಹೇಳಿ, ಬೇಕಿದ್ದರೆ ಅಲ್ಟ್ರಾಸೌಂಡ್ ಮಾಡಿ ಎಂದು ಕೇಳಲು ಹೇಳಿದೆ. ಡಾಕ್ಟರ ಎದುರಿಗೆ ಕೂತರೆ ಎಲ್ಲ ಮರೆತುಹೋಗುತ್ತದೆ ಅಕ್ಕಾ ಎಂದಳು. ಮುಂದಿನ ಮಂಗಳವಾರ ಅವಳ ಅಪಾಯಿಂಟ್‌ಮೆಂಟ್. ಬೆಳಗ್ಗೆ ಒಂಬತ್ತೂವರೆಗೆ ನೆವಾರ್ಕ್ ಪೆನ್ ಸ್ಟೇಷನ್ನಿನಲ್ಲಿ ಸಿಗೋಣ ಎಂದು ಮಾತಾಡಿಕೊಂಡಿದ್ದೇವೆ. ಅವಳ ಪ್ರಶ್ನೆಗಳ ಒಂದು ಪ್ರತಿ ನನ್ನ ಚೀಲದಲ್ಲೂ ಇರುತ್ತದೆ.